ಸರ್ವರ್ ಸ್ತಬ್ಧವಾದರೂ ಎಚ್ಚರವಿರುವ ಕಾರ್ಡ್

ಆಪರೇಟಿಂಗ್ ಸಿಸ್ಟಮ್ಮೇ ನಿಂತುಹೋದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಎಷ್ಟು ಕರೆದರೂ ಉತ್ತರ ಬರುವುದಿಲ್ಲ. ಅದು ಊರಾಚೆಯ ಡೇಟಾ ಸೆಂಟರ್‌ನಲ್ಲಿದ್ದರಂತೂ ರಾತ್ರಿಯ ನಿದ್ದೆ ಹೋದಂತೆಯೇ. ಇಂಥ ಹೊತ್ತಿಗೆಂದೇ ಸರ್ವರ್‌ನೊಳಗೆ ನಿರ್ವಹಣೆಯ ಕಾರ್ಡ್ ಇರುತ್ತದೆ. ಡೆಲ್ ಯಂತ್ರಗಳಲ್ಲಿ ಇದಕ್ಕೆ ಐಡ್ರ್ಯಾಕ್ ಎಂದೂ ಎಚ್‌ಪಿಇ (ಹಿಂದಿನ ಎಚ್‌ಪಿ) ಯಂತ್ರಗಳಲ್ಲಿ ಐಎಲ್‌ಒ ಎಂದೂ ಹೆಸರು. ತನ್ನದೇ ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ಪೋರ್ಟ್ ಇರುವ ಪುಟ್ಟ ಕಂಪ್ಯೂಟರ್ ಇದು. ಈಗ ಬಹುತೇಕ ಮದರ್‌ಬೋರ್ಡ್‌ನಲ್ಲೇ ಸೇರಿರುತ್ತದೆ. ವಿದ್ಯುತ್ ಕೇಬಲ್ ಚುಚ್ಚಿದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಕೆಲಸ ಮಾಡುತ್ತದೆ. ಆದರೆ ತೊಂದರೆ ಬರುವ ಮೊದಲೇ ಇದನ್ನು ಸಜ್ಜುಗೊಳಿಸಿರಬೇಕು.

ಐಡ್ರ್ಯಾಕ್ ಅನ್ನೇ ತೆಗೆದುಕೊಳ್ಳೋಣ. ಸರ್ವರ್‌ನ ಹಿಂಬದಿಯಲ್ಲಿ ಅದಕ್ಕೆಂದೇ ಇರುವ ಪೋರ್ಟ್‌ಗೆ ಕೇಬಲ್ ಹಾಕಿ, ಕಚೇರಿಯ ಸಾಮಾನ್ಯ ಜಾಲದಿಂದ ಬೇರೆಯಾದ ಜಾಲಕ್ಕೆ ಸೇರಿಸಿ. ಸರ್ವರ್ ಶುರುವಾಗುವಾಗ ಎಫ್2 ಒತ್ತಿ, ಐಡ್ರ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಸ್ಥಿರ ಐಪಿ ವಿಳಾಸ ಕೊಡಿ. ಮುಂದಿನದೆಲ್ಲ ಬ್ರೌಸರ್‌ನಲ್ಲಿ. ಆ ವಿಳಾಸ ತೆರೆದಾಗ ಪ್ರಮಾಣಪತ್ರದ (ತಾಣದ ಗುರುತನ್ನು ಖಾತರಿಪಡಿಸುವ ಡಿಜಿಟಲ್ ಪತ್ರ) ಎಚ್ಚರಿಕೆ ಕಂಡರೆ ಗಾಬರಿ ಬೇಡ. ಕಾರ್ಡ್ ತನಗೆ ತಾನೇ ಸಹಿ ಹಾಕಿಕೊಂಡ ಪ್ರಮಾಣಪತ್ರ ಅದು. ಹಳೆಯ ಯಂತ್ರಗಳಲ್ಲಿ ಬಳಕೆದಾರನ ಹೆಸರು ‘ರೂಟ್’, ಪಾಸ್‌ವರ್ಡ್ ‘ಕ್ಯಾಲ್ವಿನ್’. ಜಗತ್ತಿಗೆಲ್ಲ ಗೊತ್ತಿರುವ ಗುಟ್ಟು ಇದು, ಕೂಡಲೇ ಬದಲಿಸಿ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಇದ್ದು, ಸರ್ವರ್‌ನಿಂದ ಎಳೆದು ತೆಗೆಯುವ ಮಾಹಿತಿ ಚೀಟಿಯ ಮೇಲೆ ಮುದ್ರಿತವಾಗಿರುತ್ತದೆ.

ಇನ್ನು ವರ್ಚುವಲ್ ಕನ್ಸೋಲ್. ಸರ್ವರ್‌ನ ಪರದೆ, ಬಯೋಸ್ (ಆಪರೇಟಿಂಗ್ ಸಿಸ್ಟಮ್‌ಗೂ ಮೊದಲು ಓಡುವ ತಂತ್ರಾಂಶ) ಸಮೇತ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತದೆ. ನಿಮ್ಮಲ್ಲಿರುವ ಐಎಸ್‌ಒ ಫೈಲನ್ನು (ಡಿಸ್ಕ್‌ನ ಪೂರ್ತಿ ಪ್ರತಿ) ಸರ್ವರ್‌ಗೆ ಡಿವಿಡಿಯಂತೆ ತೋರಿಸಿ ಆಪರೇಟಿಂಗ್ ಸಿಸ್ಟಮ್ಮನ್ನೇ ಮರುಸ್ಥಾಪಿಸಬಹುದು. ರ‍್ಯಾಕ್ ಸರ್ವರ್‌ಗಳಲ್ಲಿ ಇದಕ್ಕೆ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು. ಕೊಳ್ಳುವಾಗ ಈ ಒಂದರಲ್ಲಿ ಜಿಪುಣತನ ಬೇಡ ಎಂಬುದು ನನ್ನ ಅಭಿಪ್ರಾಯ.

ಸರ್ವರ್ ನಿಂತಾಗ ಕೈ ನೇರವಾಗಿ ರೀಸೆಟ್ ಗುಂಡಿಗೆ ಹೋಗುತ್ತದೆ. ತಡೆಯಿರಿ. ಮೊದಲು ಸಿಸ್ಟಮ್ ಈವೆಂಟ್ ಲಾಗ್ ಓದಿ: ಮೆಮೊರಿ ದೋಷವೋ, ಫ್ಯಾನ್ ನಿಂತಿದೆಯೋ, ಪವರ್ ಸಪ್ಲೈ ಸತ್ತಿದೆಯೋ ಅಲ್ಲಿ ದಾಖಲಾಗಿರುತ್ತದೆ. ಕನ್ಸೋಲ್‌ನ ಪರದೆಯ ಚಿತ್ರವನ್ನೂ ಉಳಿಸಿಕೊಳ್ಳಿ, ರೀಸೆಟ್ ಆದರೆ ಅದು ಅಳಿಸಿಹೋಗುತ್ತದೆ. ಇಂಥ ದೋಷಗಳಿಗೆ ಇಮೇಲ್ ಎಚ್ಚರಿಕೆಯನ್ನೂ ಹೊಂದಿಸಿಡಿ.

ಕಾರ್ಡ್‌ನ ವಿಳಾಸವನ್ನು ಮಾತ್ರ ಎಂದಿಗೂ ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ. ವಿಪಿಎನ್ (ಇಂಟರ್ನೆಟ್ ಮೇಲಿನ ಸುರಕ್ಷಿತ ಖಾಸಗಿ ದಾರಿ) ಮೂಲಕವೇ ಹೋಗಿ. ಇಂಥ ಕಾರ್ಡ್‌ಗಳೊಡನೆ ಮಾತಾಡಲು ಬಳಸುವ ಹಳೆಯ ಐಪಿಎಂಐ 2.0 ನಿಯಮಾವಳಿಯ ರಚನೆಯಲ್ಲೇ ಒಂದು ದೋಷವಿದೆ: ಸರಿಯಾದ ಬಳಕೆದಾರನ ಹೆಸರು ಹೇಳಿದವರಿಗೆ, ಲಾಗಿನ್ ಆಗುವ ಮೊದಲೇ, ಪಾಸ್‌ವರ್ಡ್‌ನ ಹ್ಯಾಶ್ (ಊಹಿಸಿ ಊಹಿಸಿ ಪಾಸ್‌ವರ್ಡ್ ಪತ್ತೆಮಾಡಲು ಬಳಸಬಹುದಾದ ಸಂಕೇತರೂಪ) ಸಿಕ್ಕಿಬಿಡುತ್ತದೆ. ಅಗತ್ಯವಿಲ್ಲದಿದ್ದರೆ ಜಾಲದ ಮೇಲಿನ ಐಪಿಎಂಐ ಆಫ್ ಮಾಡಿ. ಸ್ವಯಂಚಾಲಿತ ನಿರ್ವಹಣೆಗೆ 2015ರಲ್ಲಿ ಬಂದ ಹೊಸ ನಿಯಮಾವಳಿ ರೆಡ್‌ಫಿಶ್ ಇದೆ.

ಕಾರ್ಡೇ ಹ್ಯಾಂಗ್ ಆದರೆ? ಡೆಲ್ ಸರ್ವರ್ ಮುಂಭಾಗದ ‘ಐ’ ಗುಂಡಿಯನ್ನು ಸುಮಾರು 20 ಸೆಕೆಂಡು ಒತ್ತಿ ಹಿಡಿಯಲು ಅಲ್ಲಿನ ಸಿಬ್ಬಂದಿಗೆ ಹೇಳಿ. ಕಾರ್ಡ್ ಮಾತ್ರ ಮರುಪ್ರಾರಂಭವಾಗುತ್ತದೆ. ಸರ್ವರ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.