ನೆಟ್‌ವರ್ಕ್ ಅಪ್‌ಗ್ರೇಡ್: ದುಡ್ಡು ಹಾಕುವ ಮೊದಲು ಲೆಕ್ಕ ಹೀಗೆ ಹಾಕಿ

ನೆಟ್ ಸ್ಲೋ ಅಂತ ದೂರು ಬಂದ ಕೂಡಲೇ ಹೊಸ ಸಲಕರಣೆಗೆ ಕೊಟೇಶನ್ ತರಿಸುವವರೇ ಜಾಸ್ತಿ. ಕೊಟೇಶನ್ ಆಮೇಲೆ ತರಿಸಿ. ಈಗಿರುವ ನೆಟ್‌ವರ್ಕ್ ಎಲ್ಲಿ ಕಟ್ಟಿಕೊಂಡಿದೆ ಅನ್ನೋದು ಮೊದಲು ಗೊತ್ತಾಗಬೇಕು.

1. ಅಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ದಿನದ ಸರಾಸರಿ ನಂಬಬೇಡಿ. ಸರಾಸರಿ ಶೇ 30 ಬಳಕೆ ತೋರಿಸುವ ಲಿಂಕ್ ಸಂಜೆ ಹೊತ್ತು ಎರಡು ಗಂಟೆ ಕಾಲ ಪೂರ್ತಿ ತುಂಬಿರಬಹುದು. ರೂಟರ್‌ನಿಂದ ಐದೈದು ನಿಮಿಷದ ಬಳಕೆಯ ಅಂಕಿ ತೆಗೆದು ಒಂದು ತಿಂಗಳು ಕೂಡಿಡಿ.

ಹಲವರು ಇದರಲ್ಲಿ 95ನೇ ಪರ್ಸೆಂಟೈಲ್ (ಮೇಲಿನ ಶೇ 5 ಅಂಕಿ ಬಿಟ್ಟರೆ ಉಳಿದವುಗಳಲ್ಲಿ ಅತಿ ದೊಡ್ಡದು) ನೋಡಿ ಸುಮ್ಮನಾಗುತ್ತಾರೆ. ಬಿಲ್ ಮಾಡಲು ಅದು ಸರಿ, ಅಪ್‌ಗ್ರೇಡ್ ತೀರ್ಮಾನಕ್ಕೆ ಸಾಲದು. 30 ದಿನಕ್ಕೆ 8,640 ಅಂಕಿ ಸಿಗುತ್ತವೆ. ಮೇಲಿನ ಶೇ 5, ಅಂದರೆ 432 ಅಂಕಿ, ಲೆಕ್ಕಕ್ಕೇ ಬರುವುದಿಲ್ಲ. ಅಷ್ಟೂ ಸೇರಿದರೆ 36 ಗಂಟೆ! ದಿನಾ ಒಂದು ಗಂಟೆ ಉಸಿರುಗಟ್ಟುವ ಲಿಂಕ್ ಕೂಡ ಇದರಲ್ಲಿ ಆರಾಮಾಗಿ ಕಾಣುತ್ತದೆ. ಹಾಗಾಗಿ ದಟ್ಟಣೆಯ ಹೊತ್ತನ್ನು ಬೇರೆಯಾಗಿ ನೋಡಿ. ಆಗ ಎಷ್ಟು ಪ್ಯಾಕೆಟ್ (ಡೇಟಾದ ತುಣುಕು) ಬಿದ್ದುಹೋದವು, ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) ಎಷ್ಟು ಏರಿತು ಅಂತ ಬರೆದಿಡಿ.

ಸ್ವಿಚ್‌ನಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತಲೂ ನೋಡಿ. ಗಿಗಾಬಿಟ್ (1,000 ಎಂಬಿಪಿಎಸ್) ವೇಗಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು. ಒಂದು ಜೋಡಿ ಕೈಕೊಟ್ಟರೆ ಎಷ್ಟೋ ಪೋರ್ಟ್‌ಗಳು 100 ಎಂಬಿಪಿಎಸ್‌ಗೆ ಇಳಿದುಬಿಡುತ್ತವೆ. ಎಷ್ಟೋ ಸಲ ಕನೆಕ್ಟರ್ ಬದಲಿಸಿದರೆ ಸಾಕು, ಸ್ವಿಚ್ ಯಾಕೆ ಬದಲಿಸಬೇಕು? ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ ಕಂಡರೆ ಮಾತ್ರ ಕಿತ್ತುಹಾಕಿ. ಅಗ್ಗ ಅಂತ ಅದನ್ನು ಮತ್ತೆ ತರಲೇಬೇಡಿ.

2. ಖರ್ಚು ಬರೆಯಿರಿ

ಸಲಕರಣೆ, ಲೈಸೆನ್ಸ್, ಸಪೋರ್ಟ್, ಕರೆಂಟ್, ಸಿಬ್ಬಂದಿ ತರಬೇತಿ. ಹಳೆಯದು, ಹೊಸದು ಎರಡೂ ಒಟ್ಟಿಗೆ ಓಡುವ ತಿಂಗಳುಗಳ ಖರ್ಚನ್ನು ಮರೆಯುವವರೇ ಹೆಚ್ಚು. ಫೈಬರ್ ಹಾಕುವಾಗ ಕೇಬಲ್‌ಗಿಂತ ನೆಲ ಅಗೆಯುವುದಕ್ಕೇ ದುಡ್ಡು ಜಾಸ್ತಿ ಹೋಗುತ್ತದೆ. ಅಗೆದಾಗಲೇ ಹೆಚ್ಚು ಎಳೆಗಳ ಕೇಬಲ್ ಹಾಕಿಬಿಡಿ. ಈಗಾಗಲೇ ಜಿಪಾನ್ (ಒಂದೇ ಫೈಬರನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಫೈಬರ್ ಇದ್ದರೆ ಮತ್ತೆ ಅಗೆಯುವ ಮಾತೇ ಇಲ್ಲ. ಜಿಪಾನ್ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್ ಕೊಡುತ್ತದೆ. ಅದೇ ಬಗೆಯ, 10 ಗಿಗಾಬಿಟ್‌ನ ಹೊಸ ವ್ಯವಸ್ಥೆ ಎಕ್ಸ್‌ಜಿಎಸ್-ಪಾನ್ ಬೇರೆ ಅಲೆಯುದ್ದದ ಬೆಳಕು ಬಳಸುವುದರಿಂದ ಅದೇ ಎಳೆಯಲ್ಲಿ ಜೊತೆಗೇ ಓಡುತ್ತದೆ.

3. ಲಾಭ ಹೋಲಿಸಿ

ಮೂರು ಕಾಲಂ ಮಾಡಿ: ಏನೂ ಮಾಡದಿದ್ದರೆ, ಸಣ್ಣ ರಿಪೇರಿ, ಪೂರ್ತಿ ಅಪ್‌ಗ್ರೇಡ್. ಸುಮ್ಮನಿದ್ದರೂ ಖರ್ಚಿದೆ, ಅಲ್ವಾ? ಲೈನ್ ಬಿದ್ದ ಗಂಟೆಗಳು, ಸಿಗದ ಬಿಡಿಭಾಗ, ಬಿಟ್ಟುಹೋಗುವ ಗ್ರಾಹಕರು. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ, ಸಲಕರಣೆಯ ಆಯಸ್ಸು ಮುಗಿಯುವ ವರ್ಷಕ್ಕೇ ಲೆಕ್ಕ ನಿಲ್ಲಿಸಿ.

4. ಅಲುಗಾಡಿಸಿ ನೋಡಿ

ಬಳಕೆ ನೀವು ಅಂದುಕೊಂಡದ್ದರ ಅರ್ಧ ಮಾತ್ರ ಬೆಳೆದರೂ ಹಣ ವಾಪಸ್ ಬರುತ್ತದೆಯೇ? ಬರದಿದ್ದರೆ ಕೆಲಸವನ್ನು ಎರಡು ಹಂತ ಮಾಡಿ. ಅಳತೆಯಲ್ಲಿ ಅತಿ ಹೆಚ್ಚು ಪ್ಯಾಕೆಟ್ ಬೀಳಿಸಿದ ಲಿಂಕನ್ನು ಮೊದಲು ಹಿಡಿಯಿರಿ.