ಘಾಟಿ ಹತ್ತುವಾಗ ಮಾತ್ರ ಬರುತ್ತಿದ್ದ ಪೆಟ್ರೋಲ್ ವಾಸನೆ

ಉಡುಪಿಯಿಂದ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿಯ ನಾಲ್ಕನೇ ತಿರುವೋ ಐದನೆಯದೋ ಇರಬೇಕು. ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಹಿಂದಿನ ಸೀಟಲ್ಲಿದ್ದ ಹೆಂಡತಿ, "ರೀ, ಪೆಟ್ರೋಲ್ ನಾತ ಹೊಡೀತಿದೆ, ನಿಮಗೆ ಬರ್ತಿಲ್ವಾ?" ಅಂದಳು. ನನಗೆ ನೆಗಡಿ, ಏನೂ ಬರುತ್ತಿರಲಿಲ್ಲ. ಕಿಟಕಿ ಇಳಿಸಿಕೊಂಡು ಬಂದೆವು. ಘಾಟಿ ಮುಗಿದು ತೀರ್ಥಹಳ್ಳಿ ಹತ್ತಿರ ಬರುವಷ್ಟರಲ್ಲಿ ವಾಸನೆ ಇರಲೇ ಇಲ್ಲವಂತೆ.

ನಾಲ್ಕು ದಿನ ಬಿಟ್ಟು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದರು, ಕೆಳಗೆ ಬಗ್ಗಿ ನೋಡಿದರು. "ಏನೂ ಲೀಕ್ ಇಲ್ಲ ಸಾರ್. 13 ವರ್ಷದ ಗಾಡಿ, ಸ್ವಲ್ಪ ವಾಸನೆ ಬರ್ತದೆ" ಅಂದರು. ಅವರ ಮೂಗಿಗೂ ಬರಲಿಲ್ಲ, ಸರಿ. ಆದರೆ ಆವತ್ತು ಟ್ಯಾಂಕ್ ಅರ್ಧಕ್ಕಿಂತ ಕೆಳಗಿತ್ತು. ಅದು ಲೆಕ್ಕಕ್ಕೆ ಬರುವ ವಿಷಯ ಅಂತ ನನಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ.

ಮುಂದಿನ ಸಲ ಫುಲ್ ಟ್ಯಾಂಕ್ ಮಾಡಿಸಿದ ದಿನವೇ ಮತ್ತೆ ವಾಸನೆ. ಮೊದಲು ಅನುಮಾನ ಬಂದದ್ದು ನನ್ನದೇ ಒಂದು ಚಟದ ಮೇಲೆ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆದಮೇಲೂ ಹುಡುಗ "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂದರೆ ತಲೆ ಆಡಿಸುವುದು. ಹಾಗೆ ಒತ್ತಿ ತುಂಬಿಸಿದ ಪೆಟ್ರೋಲು ಆವಿ ಹೋಗುವ ಪೈಪಿಗೆ ನುಗ್ಗಿ ಇದ್ದಿಲಿನ ಕ್ಯಾನಿಸ್ಟರ್‌ವರೆಗೂ ಹೋಗಬಹುದು. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಎಂಜಿನ್ನಿಗೆ ಕೊಡುವುದು ಅದರ ಕೆಲಸ. ಇದ್ದಿಲೇ ಒದ್ದೆಯಾದರೆ ಹಿಡಿಯುವುದು ಹೇಗೆ? ಎರಡು ಸಲ ಕಟ್ ಆದ ಕೂಡಲೇ ನಿಲ್ಲಿಸಿ ನೋಡಿದೆ. ಟ್ಯಾಂಕಿನ ಮುಚ್ಚಳವನ್ನೂ ಹೊಸದು ಹಾಕಿದೆ. ವಾಸನೆ ಹೋಗಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ವಾಸನೆ ಇಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಬುಡ ಬೆರಳಿಟ್ಟು ನೋಡಿದರೆ ಒಣ. ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೂಸಿದರೆ ಬರೀ ಆಯಿಲ್ ವಾಸನೆ. ಏಸಿಯಲ್ಲಿ ಹೊರಗಿನ ಗಾಳಿ ಬರುವ ಹಾಗಿಟ್ಟರೆ ವಾಸನೆ ಕಮ್ಮಿ, ಒಳಗಿನ ಗಾಳಿಯೇ ಸುತ್ತುವ ಹಾಗಿಟ್ಟರೆ ಜಾಸ್ತಿ. ಅಲ್ಲಿಗೆ ಬಾನೆಟ್ ಕಡೆಯದಲ್ಲ, ಹಿಂದಿನಿಂದ ನೇರ ಕ್ಯಾಬಿನ್ನಿಗೆ ಬರುತ್ತಿದೆ ಅಂತಾಯಿತು. ನಮ್ಮ ಅಂಗಳ ಇಳಿಜಾರು. ಟ್ಯಾಂಕ್ ತುಂಬಿದ್ದಾಗ ಒಂದು ರಾತ್ರಿ ಮೂತಿ ಮೇಲೆ ಮಾಡಿ ನಿಲ್ಲಿಸಿದೆ, ಇನ್ನೊಂದು ರಾತ್ರಿ ಕೆಳಗೆ ಮಾಡಿ. ಮೂತಿ ಮೇಲಿದ್ದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಗಪ್ಪೆಂದು ಹೊಡೆಯಿತು. ಇನ್ನೊಂದು ದಿನ ಏನೂ ಇಲ್ಲ. ಮೂತಿ ಮೇಲಾದರೆ ಪೆಟ್ರೋಲು ಟ್ಯಾಂಕಿನ ಹಿಂದಕ್ಕೆ ಸರಿಯುತ್ತೆ, ಘಾಟಿ ಹತ್ತುವಾಗಲೂ ಅಷ್ಟೇ.

ಈ ಕಾರಿನ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ, ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪ್ ಟ್ಯಾಂಕಿನ ಒಳಗೇ. ಸೀಟಿನ ಮುಂದಿನ ಅಂಚು ಹಿಡಿದು ಮೇಲಕ್ಕೆ ಜಗ್ಗಿದರೆ ಕ್ಲಿಪ್ ಬಿಡುತ್ತೆ. ಒಂದು ಬಿಡದೆ ಮುರಿಯಿತು. ಅಡಿಯಲ್ಲಿ ತಗಡಿನ ಮುಚ್ಚಳ, ನಾಲ್ಕು ಸ್ಕ್ರೂ. ಅದನ್ನು ತೆಗೆದಾಗ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ: ಪಂಪಿನ ತಲೆಯ ಸುತ್ತ ವರ್ಷಗಟ್ಟಲೆಯ ಧೂಳು ಬೂದಿಯ ಹಾಗೆ ಒಣಗಿ ಕೂತಿದೆ, ಹಿಂದಿನ ಕಡೆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಕಪ್ಪು ಕೆಸರು. ಅದನ್ನೆಲ್ಲ ಒರೆಸಿ, ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಮೂತಿ ಮೇಲೆ ಮಾಡಿ ಬಿಟ್ಟೆ. ಅರ್ಧ ಗಂಟೆಯಲ್ಲಿ ಅದೇ ಜಾಗದಲ್ಲಿ ಪೌಡರ್ ಒದ್ದೆ.

ತಕ್ಷಣ ಬಿಚ್ಚಲಿಲ್ಲ. ತುಂಬಿದ ಟ್ಯಾಂಕನ್ನು ಮನೆಯಲ್ಲಿ ಬಿಚ್ಚುವುದು ಹುಚ್ಚುತನ. ಸೋರಿ ಹನಿ ಕೆಳಗೆ ಬೀಳುತ್ತಿದ್ದರೆ ಗಾಡಿ ಸ್ಟಾರ್ಟ್ ಕೂಡ ಮಾಡದೆ ಗ್ಯಾರೇಜಿನವರನ್ನೇ ಕರೆಸುತ್ತಿದ್ದೆ. ಹನಿ ಇರಲಿಲ್ಲ. ಘಾಟಿ ಕಡೆ ಹೋಗದೆ, ಕಿಟಕಿ ಇಳಿಸಿಕೊಂಡೇ ಓಡಿಸಿ ಟ್ಯಾಂಕನ್ನು ಕಾಲು ಭಾಗಕ್ಕೆ ಇಳಿಸಿದೆ. ಶೆಡ್ಡಿನ ಮಗ್ಗುಲಲ್ಲೇ ಬಚ್ಚಲ ಹಂಡೆ ಒಲೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದುಕೊಂಡು ಹೋಗುತ್ತೆ. ಹಾಗಾಗಿ ಕಾರನ್ನು ದೂರದ ಹಲಸಿನ ಮರದ ಹತ್ತಿರ, ಬಯಲಲ್ಲಿ ನಿಲ್ಲಿಸಿದೆ. ಅಡಿಕೆ ಕೊನೆ ಕೊಯ್ಲಿಗೆ ಬಂದಿದ್ದವರಿಗೆ ಆ ಕಡೆ ಬೀಡಿ ಹಚ್ಚಬೇಡಿ ಅಂತ ಹೇಳಿ, ಎರಡು ಬಕೆಟ್ ಮರಳು ಇಟ್ಟುಕೊಂಡೆ. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ಆರುವವರೆಗೂ ಓಡಿಸಿದೆ, ಪೈಪಿನ ಒತ್ತಡ ಇಳಿಯಲಿ ಅಂತ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಾಲ್ಕು ಬಾಗಿಲೂ ತೆರೆದಿಟ್ಟೆ.

ಪಂಪಿನ ಮೇಲೆ ಪ್ಲಾಸ್ಟಿಕ್ಕಿನ ದೊಡ್ಡ ತಿರುಗು ಬಳೆ. ಮರದ ತುಂಡಿಟ್ಟು ಮರದ ಕೊಡತಿಯಲ್ಲೇ ಬಡಿದು ತಿರುಗಿಸಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಕಿಡಿ ಎಬ್ಬಿಸುವ ಉಸಾಬರಿ ಬೇಡ. ಅದರಡಿಯ ರಬ್ಬರ್ ರಿಂಗ್ ನೋಡಿದರೆ, ಹಿಂದಿನ ಕಡೆ ತಾನು ಕೂರುವ ತೋಡಿನಿಂದ ಹೊರಬಂದು, ಅಂಚಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಹಿಂದಿನ ವರ್ಷ ಬೇರೊಂದು ಊರಿನ ಗ್ಯಾರೇಜಿನಲ್ಲಿ ಪಂಪ್ ಬದಲಾಯಿಸಿದ್ದೆ. ಬಿಲ್ಲಿನಲ್ಲಿ ಪಂಪ್ ಇದೆ, ರಿಂಗ್ ಇಲ್ಲ. ಹಳೆಯದನ್ನೇ ತುರುಕಿದ್ದಾರೆ. ಪೆಟ್ರೋಲಿನಲ್ಲಿ ನೆನೆದ ರಿಂಗ್ ಉಬ್ಬಿ ಉದ್ದವಾಗುತ್ತೆ, ಮತ್ತೆ ತನ್ನ ತೋಡಿನಲ್ಲಿ ಕೂರುವುದಿಲ್ಲ.

ಶಿವಮೊಗ್ಗದಿಂದ ಅದೇ ಮಾಡೆಲ್ಲಿನ ಹೊಸ ರಿಂಗ್ ತರಿಸಿದ್ದೆ, 180 ರೂಪಾಯಿ. ಸಂದು ಮುಚ್ಚುವ ಗ್ಯಾಸ್ಕೆಟ್ ಪೇಸ್ಟ್ ಬಳಿದರೆ ಸಾಕು ಅಂದವರೂ ಇದ್ದರು. ಸಾಮಾನ್ಯ ಸಿಲಿಕೋನ್ ಪೇಸ್ಟ್ ಪೆಟ್ರೋಲಿಗೆ ತಡೆಯುವುದಿಲ್ಲ, ಮೆತ್ತಗಾಗಿ ಕಿತ್ತುಬಂದ ಚೂರು ಟ್ಯಾಂಕಿಗೆ ಬಿದ್ದರೆ ಪಂಪಿಗೇ ಕುತ್ತು. ತೋಡನ್ನು ಒಣ ಬಟ್ಟೆಯಲ್ಲಿ ಒರೆಸಿ, ರಿಂಗ್ ಕೂರಿಸಿ, ಸುತ್ತಲೂ ಬೆರಳಾಡಿಸಿ ನೋಡಿ ಬಳೆ ಬಿಗಿದೆ. ಒಳಗಿನ ಆವಿಯೆಲ್ಲ ಹೋಗಲಿ ಅಂತ ಒಂದು ಗಂಟೆ ಬಿಟ್ಟು ಪಂಪಿನ ಫ್ಯೂಸ್ ಹಾಕಿ ಬ್ಯಾಟರಿ ಜೋಡಿಸಿದೆ. ಸ್ಟಾರ್ಟ್ ಮಾಡದೆ ಮೂರು ನಾಲ್ಕು ಸಲ ಕೀ ಆನ್ ಮಾಡಿ ಪೈಪ್ ತುಂಬಿಸಿ ನೋಡಿದೆ. ಒಣ.

ಮುಂದಿನ ಭಾನುವಾರ ಹೆಬ್ರಿಯಲ್ಲಿ ಟ್ಯಾಂಕ್ ತುಂಬಿಸಿ, ಕಿಟಕಿ ಮುಚ್ಚಿಕೊಂಡೇ ಘಾಟಿ ಹತ್ತಿದೆವು. ನನ್ನ ಮೂಗನ್ನು ನಂಬದೆ ಹೆಂಡತಿಯನ್ನು ಹಿಂದೆಯೇ ಕೂರಿಸಿದ್ದೆ. ಮೇಲೆ ಚೆಕ್‌ಪೋಸ್ಟ್ ಹತ್ತಿರ ಬಂದಾಗ ಕೇಳಿದೆ. "ವಾಸನೆ ಇಲ್ಲ. ಆದ್ರೆ ಸೀಟ್ ಕಟಕಟ ಅಂತಿದೆಯಲ್ರೀ" ಅಂದಳು. ಆ ಮುರಿದ ಕ್ಲಿಪ್ ಬಿಡಿಯಾಗಿ ಇನ್ನೂ ಸಿಕ್ಕಿಲ್ಲ.