ಭಕ್ತಪುರದ ಕೊನೆಯ ದಿನ: ಕ್ಲಿಕ್ ಕಡಿಮೆ, ಪ್ರಿಂಟ್ ಜಾಸ್ತಿ

ಧನುರ್ಮಾಸದಲ್ಲಿ ನಮ್ಮ ಕಡೆ ಲಗ್ನಗಳಿರುವುದಿಲ್ಲ. ಮಾಲೂರಿನ ನನ್ನ ಸ್ಟುಡಿಯೋದಲ್ಲಿ ಆಗ ಪಾಸ್‌ಪೋರ್ಟ್ ಫೋಟೋ, ಬಾಕಿ ಉಳಿದ ಆಲ್ಬಂ ಡಿಸೈನ್ ಬಿಟ್ಟರೆ ಕೆಲಸವಿಲ್ಲ. ಕ್ಯಾಮೆರಾ ಹಿಡಿದು ಊರು ಬಿಡುವುದು ಆಗಲೇ. ಈ ಸಲ ನೇಪಾಳಕ್ಕೆ, ಕಠ್ಮಂಡು ಹತ್ತಿರದ ಹಳೆಯ ಊರು ಭಕ್ತಪುರಕ್ಕೆ ಹೋಗಿದ್ದೆ. ನಮಗೆ ವೀಸಾ ಬೇಡ. ದುಡ್ಡಿನ ಲೆಕ್ಕವೂ ಸುಲಭ, ನಮ್ಮ 100 ರೂಪಾಯಿಗೆ ಅವರ 160. ಜೊತೆಗೆ ಚಿಕ್ಕಪ್ಪನ ಮಗ, ನನಗೆ ತಮ್ಮ, ಬಂದಿದ್ದ. ಅವನಿಗೆ ಫೋಟೋ ಹುಚ್ಚೇನೂ ಇಲ್ಲ, ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನ ಕೆಲಸ. ಅವನು ಬಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಕೊನೆಯ ದಿನ ಗೊತ್ತಾಯಿತು.

ಪರದೇಶದ ಕೊನೆಯ ದಿನ ಹೊಸ ಜಾಗಕ್ಕೆ ಹೋಗಬಾರದು ಎನ್ನುವುದು ನನ್ನ ಲೆಕ್ಕ. ‘ಇನ್ನೊಂದು ನೋಡಿಬಿಡೋಣ’ ಎಂದು ಓಡಿದರೆ ಸಿಗುವುದು ಎಲ್ಲರ ಮೊಬೈಲಿನಲ್ಲೂ ಇರುವ ಚಿತ್ರ. ನಾನು ಹಿಂದಿನ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು, ಅಷ್ಟೂ ದಿನದ ಫೋಟೋಗಳನ್ನು ಮದುವೆ ಆಲ್ಬಂ ಮಾಡುವವನ ಕಣ್ಣಿನಿಂದ ನೋಡುತ್ತೇನೆ. ಮುಹೂರ್ತ, ಧಾರೆ, ಆರತಕ್ಷತೆ ಎಷ್ಟೇ ಚೆನ್ನಾಗಿ ಬಂದಿರಲಿ, ಬಳೆ ತೊಟ್ಟ ಕೈ, ಅಡುಗೆಮನೆಯ ಹೊಗೆ, ಚಪ್ಪಲಿ ರಾಶಿ ಇಂಥವು ಇಲ್ಲದಿದ್ದರೆ ಪುಟಗಳು ಒಂದಕ್ಕೊಂದು ಕೂಡುವುದಿಲ್ಲ. ಊರಿನ ಫೋಟೋಗಳಿಗೂ ಇದೇ ಮಾತು. ಆ ರಾತ್ರಿ ನೋಡಿದರೆ 1702ರ ನ್ಯಾತಪೋಲ ಗುಡಿ, ಐದು ಚಾವಣಿ, ಮೆಟ್ಟಿಲ ಪಕ್ಕದ ಜಟ್ಟಿಗಳು, ಆನೆ, ಸಿಂಹ ಎಲ್ಲಾ ಬೇಕಾದಷ್ಟಿತ್ತು. ಕುಂಬಾರರ ಚೌಕದ ಮುಖಗಳೂ ಇದ್ದವು. ಕೈಗಳಿರಲಿಲ್ಲ. ಮಡಕೆ ಸುಡುವ ಕೆಲಸವಂತೂ ಒಂದು ಫ್ರೇಮಿನಲ್ಲೂ ಇರಲಿಲ್ಲ.

ಕೊನೆಯ ರಾತ್ರಿ ಕಠ್ಮಂಡುವಿನಲ್ಲಿ ಉಳಿಯದೆ ಭಕ್ತಪುರದಲ್ಲೇ ಉಳಿದದ್ದು ಇದಕ್ಕೇ. ಏರ್‌ಪೋರ್ಟ್ ಆ ದಾರಿಯಲ್ಲೇ ಸಿಗುತ್ತದೆ, ವಾಪಸ್ ಊರೊಳಗೆ ಹೋಗುವ ತಾಪತ್ರಯವಿಲ್ಲ.

ಬೆಳಿಗ್ಗೆ ಮತ್ತೆ ಕುಂಬಾರರ ಚೌಕಕ್ಕೆ ಹೋದೆವು. ಆ ಚಳಿಯಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಸ್ವಲ್ಪ ಮೊದಲು. ಸುತ್ತ ಮನೆಗಳಿರುವುದರಿಂದ ಚೌಕದ ನೆಲಕ್ಕೆ ಬಿಸಿಲು ಇಳಿಯುವುದು ಇನ್ನೂ ತಡ. ಅಲ್ಲಿವರೆಗೆ ಮಂಜು. ಮಂಜನ್ನು ಕ್ಯಾಮೆರಾಗೆ ಬಿಟ್ಟರೆ ಬೂದಿ ಬಣ್ಣ ಮಾಡಿಬಿಡುತ್ತದೆ, ಹಾಗಾಗಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲಿಟ್ಟೆ, ಅಂದರೆ ಬೆಳಕು ಎರಡರಷ್ಟು ಬಿಟ್ಟೆ. ಬಿಸಿಲು ಬಂದಮೇಲೆ ಉಲ್ಟಾ. ಒಣಗಲು ಹರಡಿದ ಹಸಿ ಮಡಕೆಗಳು ಅಲ್ಲಿ ಕಪ್ಪಗಿರುತ್ತವೆ. ಕಪ್ಪು ಜಾಸ್ತಿ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಬಿಡುತ್ತದೆ, ಮಡಕೆ ಪೇಲವವಾಗಿ ಕಾಣುತ್ತದೆ. ಆಗ ಕೆಳಗಿಳಿಸಬೇಕು. ಲೆನ್ಸ್ ಒಂದೇ, 35 ಎಂಎಂ. ಝೂಮ್ ಬ್ಯಾಗಿನಲ್ಲೇ ಇತ್ತು. ಕೊನೆಯ ದಿನ ಲೆನ್ಸ್ ಬದಲಾಯಿಸುತ್ತಾ ಕೂತರೆ ಜನರ ಜೊತೆ ಮಾತಾಡುವುದು ಯಾವಾಗ?

ಚೌಕದ ಒಂದು ಮೂಲೆಯಲ್ಲಿ ಬೂದಿ ಮುಚ್ಚಿದ ದೊಡ್ಡ ಗುಡ್ಡೆಯಿತ್ತು. ಹಿಂದಿನ ದಿನ ಅದರ ಪಕ್ಕದಲ್ಲೇ ಓಡಾಡಿದ್ದೆ, ಕಸ ಅಂದುಕೊಂಡಿದ್ದೆ. ತಮ್ಮ ಹೋಗಿ ಕೈ ಕಾಯಿಸಿಕೊಂಡು ನಿಂತುಬಿಟ್ಟ.

“ಅಣ್ಣ, ಇದು ಗೂಡು ಕಣಣ್ಣ. ಚಿಮ್ನಿನೇ ಇಲ್ಲ ನೋಡು!”

ಮಡಕೆಗಳ ನಡುವೆ ಹುಲ್ಲು ತುಂಬಿ, ಮೇಲೆ ಬೂದಿ ಹೊದಿಸಿ, ಬಯಲಲ್ಲೇ ನಿಧಾನಕ್ಕೆ ಸುಡುತ್ತಾರೆ. ಒಳಗೆ ಹೋದ ಕಪ್ಪು ಮಡಕೆ ಕೆಂಪಾಗಿ ಬರುತ್ತದೆ. ಒಬ್ಬ ಹೆಂಗಸು ಬಂದು ಗುಡ್ಡೆಯ ಸುತ್ತ ನಡೆದರು. ಹೊಗೆ ಜೋರಾಗಿ ಬರುತ್ತಿದ್ದ ಕಡೆ ಬೂದಿ ಎಳೆದು ಮುಚ್ಚಿ, ಅಂಗೈಯಿಂದ ಮೆಲ್ಲಗೆ ತಟ್ಟಿದರು. “ಅಲ್ಲಿ ಗಾಳಿ ನುಗ್ತಿದೆ, ಹಾಗೇ ಬಿಟ್ರೆ ಆ ಕಡೆ ಮಡಕೆ ಸೀಳತ್ತೆ” ಅಂದ ತಮ್ಮ. ನಾನು ಹಿಂದಿಯಲ್ಲಿ ಕೇಳಿದೆ. “ನಿನ್ನ ತಮ್ಮನಿಗೆ ಗೊತ್ತಿದೆಯಲ್ಲ!” ಎಂದು ಅವರು ನಕ್ಕರು. ಆಮೇಲೆ ಅವನೂ ಅವರೂ ಕೈಸನ್ನೆಯಲ್ಲೇ ಎಷ್ಟೋ ಹೊತ್ತು ಮಾತಾಡಿದರು. ನಾನು ಅವರ ಕೈಗಳನ್ನು ತೆಗೆಯುತ್ತಾ ಹೋದೆ. ಬೆರಳ ಸಂದಿಯ ಬೂದಿ, ಬಳೆಗೆ ಅಂಟಿದ ಮಣ್ಣು. ಇಡೀ ಪ್ರಯಾಣದಲ್ಲಿ ನನಗೆ ಇಷ್ಟವಾದ ಚಿತ್ರಗಳು ಅವೇ. ಯಾರೂ ಪೋಸ್ ಕೊಡುತ್ತಿರಲಿಲ್ಲ, ನಾನು ಇದ್ದದ್ದೇ ಅವರಿಗೆ ಮರೆತುಹೋಗಿತ್ತು.

ಮಧ್ಯಾಹ್ನದ ಕೆಲಸ ಪ್ರಿಂಟ್. ಹಿಂದಿನ ದಿನಗಳಲ್ಲಿ ತೆಗೆದ ಮುಖಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಬೆಳಿಗ್ಗೆಯೇ ಅಲ್ಲಿನ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಮ್ಯಾಕ್ಸಿ ಸೈಜ್, ಮ್ಯಾಟ್ ಪೇಪರ್. ಗ್ಲಾಸಿ ಬೇಡ, ಮಣ್ಣಿನ ಕೈಯಲ್ಲಿ ಹಿಡಿದರೆ ಬೆರಳಚ್ಚು ಮೂಡಿಬಿಡುತ್ತದೆ. ಫೋಟೋ ತೆಗೆಸಿಕೊಂಡವರಿಗೆ ನಾನು ದುಡ್ಡು ಕೊಡುವುದಿಲ್ಲ, ಪ್ರಿಂಟ್ ಕೊಡುತ್ತೇನೆ. ‘ವಾಟ್ಸ್ಯಾಪ್ ಮಾಡ್ತೀನಿ’ ಎನ್ನುವ ಮಾತನ್ನು ನಂಬುವ ಕಾಲ ಹೋಯಿತು, ನಾವೇ ಎಷ್ಟು ಜನಕ್ಕೆ ಹೇಳಿ ಮರೆತಿಲ್ಲ? ತಿಗುರಿ ತಿರುಗಿಸುವ ಒಬ್ಬ ಅಜ್ಜ ತನ್ನ ಫೋಟೋ ನೋಡಿ, ಟೋಪಿ ಸೊಟ್ಟಗಿದೆ, ಇನ್ನೊಂದು ತೆಗಿ ಅಂದರು. ತೆಗೆದೆ. ಅದಕ್ಕಾಗಿ ಸ್ಟುಡಿಯೋಗೆ ಇನ್ನೊಂದು ಸಲ ಓಡಿದ್ದೂ ಆಯಿತು. ಕೈಯಲ್ಲಿ ಪ್ರಿಂಟ್ ಹಿಡಿದು ಹೋದವನನ್ನು ಯಾವ ಮನೆಯೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಮಣ್ಣಿನ ಬಟ್ಟಲಲ್ಲಿ ಜೂಜೂ ಧೌ ಕೊಟ್ಟರು. ಎಮ್ಮೆ ಹಾಲಿನ ಮೊಸರು, ಸಿಹಿ, ಕತ್ತರಿಸುವಷ್ಟು ಗಟ್ಟಿ.

ಮನೆಗೆಂದು ತಮ್ಮ ಮರದ ಪುಟ್ಟ ನವಿಲು ಕಿಟಕಿ ಕೊಂಡ. ಅಲ್ಲಿನ ಹೆಸರಾದ ಕಿಟಕಿಯ ನಕಲು. ಇಲ್ಲೊಂದು ಜೋಪಾನ: ಹಳೆಯದರಂತೆ ಕಾಣುವ ಮರದ, ಲೋಹದ ಸಾಮಾನಿಗೆ ಪುರಾತತ್ವ ಇಲಾಖೆಯ ಚೀಟಿ ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ತಡೆಯುತ್ತಾರೆ. ನೂರು ವರ್ಷ ದಾಟಿದ್ದನ್ನು ಹೊರಗೆ ಒಯ್ಯುವಂತೆಯೇ ಇಲ್ಲ. ಹೊಸದೆಂದು ಕಣ್ಣಿಗೇ ಕಾಣುವುದನ್ನು ಆರಿಸಿ ಬಿಲ್ ಬರೆಸಿಕೊಂಡೆವು.

ಪಶುಪತಿನಾಥನ ಗುಡಿ ಏರ್‌ಪೋರ್ಟಿಗೆ ತೀರಾ ಹತ್ತಿರ. ಒಬ್ಬರು ಬ್ಯಾಗ್ ಕಾಯುವುದು, ಒಬ್ಬರು ದರ್ಶನಕ್ಕೆ ಹೋಗುವುದು ಎಂದು ಹಂಚಿಕೊಂಡೆವು. ಒಳಗೆ ಫೋಟೋ ನಿಷೇಧ. ಪೂಜೆಯ ಭಟ್ಟರು ಹಿಂದಿನಿಂದಲೂ ನಮ್ಮ ಕರ್ನಾಟಕದ ಕಡೆಯಿಂದ ಹೋದವರು, ಅದು ನೆನಪಾಗಿ ಸುಮ್ನೆ ಖುಷಿಯಾಯಿತು. ಪಕ್ಕದಲ್ಲೇ ಬಾಗಮತಿಯ ದಡದಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಆಚೆ ದಡದಿಂದ ಉದ್ದ ಲೆನ್ಸ್ ಹಿಡಿದವರು ಸಾಲಾಗಿ ನಿಂತಿದ್ದರು. ನಮ್ಮಪ್ಪನ ಚಿತೆಯ ಮುಂದೆ ಯಾರಾದರೂ ಹಾಗೆ ನಿಂತಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ತೆಗೆಯಲಿಲ್ಲ.

ಪ್ಯಾಕಿಂಗ್ ಹೇಗೆಂದರೆ, ಫೋಟೋಗಳ ಒಂದು ಪ್ರತಿ ಕೈಚೀಲದ ಡಿಸ್ಕಿನಲ್ಲಿ, ಇನ್ನೊಂದು ತಮ್ಮನ ಬ್ಯಾಗಿನಲ್ಲಿ, ಮೆಮೊರಿ ಕಾರ್ಡುಗಳು ನನ್ನ ಜೇಬಿನಲ್ಲಿ. ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಬಾಯಿಗೆ ಟೇಪ್ ಅಂಟಿಸಿ ಕೈಚೀಲದಲ್ಲೇ ಇಡಬೇಕು. ಟ್ರೈಪಾಡ್ ಲಗೇಜಿಗೆ. ಬೆಲೆಬಾಳುವ ಕ್ಯಾಮೆರಾ ಇದ್ದರೆ ಹೊರಡುವಾಗಲೇ ನಮ್ಮ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಡಿ. ವಾಪಸ್ ಬರುವಾಗ ‘ಅಲ್ಲೇ ಕೊಂಡಿದ್ದಾ?’ ಎಂದರೆ ತೋರಿಸಲು ಕಾಗದ ಇರುತ್ತದೆ. ಕ್ಯಾಮೆರಾ ಗಡಿಯಾರ ಮಾತ್ರ ನಾನು ಮುಟ್ಟುವುದಿಲ್ಲ. ನೇಪಾಳ ನಮಗಿಂತ 15 ನಿಮಿಷ ಮುಂದೆ, ಅಷ್ಟು ಲೆಕ್ಕ ಮನಸ್ಸಿನಲ್ಲೇ ಆಗುತ್ತದೆ. ಎರಡು ಕ್ಯಾಮೆರಾದಲ್ಲಿ ಎರಡು ಟೈಮ್ ಇದ್ದರೆ ಆಲ್ಬಂ ಜೋಡಿಸುವಾಗ ತಲೆ ಕೆಡುತ್ತದೆ.

ದೆಹಲಿಯಲ್ಲಿ ವಿಮಾನ ಬದಲಾಯಿಸುವಾಗ ಸ್ಟುಡಿಯೋ ಹುಡುಗ ಫೋನ್ ಮಾಡಿದ. “ಸಂಕ್ರಾಂತಿ ಆದ್ಮೇಲೆ ಬಂಗಾರಪೇಟೆ ಲಗ್ನ ಒಪ್ಕೊಂಡಿದ್ದೀನಣ್ಣ, ಕಾರ್ಡ್ ಖಾಲಿ ಇದೆಯಾ?” ಇಲ್ಲ ಅಂದೆ. ಊರಿಗೆ ಬಂದು ಎರಡೂ ಡಿಸ್ಕ್ ತೆರೆದು ನೋಡುವವರೆಗೆ ನಾನು ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಆ ಲಗ್ನಕ್ಕೆ ಹೊಸ ಕಾರ್ಡ್ ತರಿಸಿದೆವು.